ಬಂದರಿನಲ್ಲಿ ಪುರುಸೊತ್ತು

ಕೇಳುಗರಿಗೆ ನಮಸ್ಕಾರ. ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ಇಬ್ಬರೇ ಹಾಯಿದೋಣಿಯಲ್ಲಿ ಸಾಗರ ದಾಟಬಹುದೇ? ದಾಟಬಹುದು. ಅರವತ್ತು ಮೀರಿದವರು ಪ್ರತಿ ವರ್ಷ ದಾಟುತ್ತಲೇ ಇದ್ದಾರೆ. ಹೀಗೆಂದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ: ತಿಮಿಂಗಿಲ ಬಂದರೆ? ಬಿರುಗಾಳಿ ಬಂದರೆ? ತಿಮಿಂಗಿಲವನ್ನು ಇವತ್ತು ಅದರ ಪಾಡಿಗೆ ಬಿಡೋಣ. ಬಿರುಗಾಳಿಗೆ ಮದ್ದು ಇರುವುದು ಬಂದರಿನಲ್ಲಿ. ಹೊರಡಬೇಡಿ, ಕಾಯಿರಿ. ಇವತ್ತು ನಾನು ಹೇಳಬೇಕಾದದ್ದು ಇದೊಂದೇ. ಉಳಿದದ್ದೆಲ್ಲ ಇದರ ಬಾಲ.

ಕರಾವಳಿಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಅದರಲ್ಲಿ ಮೀನಿನ ಸಂತಾನದ ಲೆಕ್ಕವೂ ಇದೆ, ಮಳೆಗಾಲದ ಕಡಲಿನ ಲೆಕ್ಕವೂ ಇದೆ. ಬೇರೆ ಸಾಗರಗಳಿಗೂ ಇಂಥದೇ ಬಾಗಿಲು ಮುಚ್ಚುವ ಕಾಲ ಉಂಟು. ಉತ್ತರ ಅಟ್ಲಾಂಟಿಕ್‌ನಲ್ಲಿ ಜೂನ್‌ನಿಂದ ನವೆಂಬರ್ ಮುಗಿಯುವವರೆಗೆ ಹರಿಕೇನ್ ಕಾಲ. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಹಾಗಾಗಿ ಯುರೋಪಿನ ಕಡೆಯಿಂದ ಬರುವವರು ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್ ಬಂದರಿನಲ್ಲಿ ನವೆಂಬರ್ ಕೊನೆಯವರೆಗೆ ಕೂತಿರುತ್ತಾರೆ. ಆಮೇಲೆ ವಾಣಿಜ್ಯ ಮಾರುತ ಬೆನ್ನಿಗೆ ಬರುತ್ತದೆ. ಕೆರಿಬಿಯನ್ ಮುಟ್ಟಿ, ಫೆಬ್ರವರಿ ಮಾರ್ಚ್ ಹೊತ್ತಿಗೆ ಪನಾಮಾ ಕಾಲುವೆ ದಾಟಿ, ಪೆಸಿಫಿಕ್ ದ್ವೀಪಗಳನ್ನು ನೋಡಿಕೊಂಡು, ಮುಂದಿನ ನವೆಂಬರ್ ಹೊತ್ತಿಗೆ ನ್ಯೂಜಿಲೆಂಡಿಗೆ ಇಳಿದುಬಿಡುತ್ತಾರೆ. ಅವಸರವಿದ್ದವನಿಗೆ ಈ ದಾರಿ ಅಲ್ಲ.

ಕೆಲಸದಲ್ಲಿರುವವನಿಗೆ ರಜೆ ಮುಗಿಯುವ ತಾರೀಖು ಇರುತ್ತದೆ. ನಿಮಗಿಲ್ಲ. ನಿಮ್ಮ ಮಂಡಿ ನೋಯಬಹುದು, ಕಣ್ಣು ಮಂಜಾಗಿರಬಹುದು, ಆದರೆ ಪುರುಸೊತ್ತು ಇದೆ. ಹಾಗಿದ್ದೂ ಜನ ಏನು ಮಾಡುತ್ತಾರೆ? ಮಗಳಿಗೆ ಫೋನ್ ಮಾಡಿ, 14ನೇ ತಾರೀಖು ಇಂಥ ದ್ವೀಪಕ್ಕೆ ಬಾ, ಅಲ್ಲಿರುತ್ತೇವೆ ಅನ್ನುತ್ತಾರೆ. ಅವಳು ವಿಮಾನದ ಟಿಕೆಟ್ ತೆಗೆಸುತ್ತಾಳೆ. 10ನೇ ತಾರೀಖು ಗಾಳಿ ಕೆಟ್ಟಿದ್ದರೂ ಇವರು ಲಂಗರು ಎತ್ತುತ್ತಾರೆ. ಕೆಡುವುದು ಇಲ್ಲೇ. ಬರುವವರಿಗೆ ಊರು ಹೇಳಿ, ಇಲ್ಲವೇ ತಾರೀಖು ಹೇಳಿ. ಎರಡನ್ನೂ ಒಟ್ಟಿಗೆ ಹೇಳಬೇಡಿ.

ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ, ಅಕ್ಕಪಕ್ಕದವರನ್ನು ಕೇಳುವುದು. ಇದಕ್ಕೆ ಜೋಶುವಾ ಸ್ಲೋಕಮ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1844ರಲ್ಲಿ ಕೆನಡಾದ ನೋವಾ ಸ್ಕೋಶಿಯಾದಲ್ಲಿ ಹುಟ್ಟಿದ ಈತ ದೊಡ್ಡ ಹಾಯಿಹಡಗುಗಳ ಕ್ಯಾಪ್ಟನ್ ಆಗಿದ್ದ. ಉಗಿಹಡಗು ಬಂತು, ಕಸುಬು ಹೋಯಿತು. ಐವತ್ತರ ಹೊಸ್ತಿಲಲ್ಲಿ ಕೈಯಲ್ಲಿ ಕೆಲಸವಿಲ್ಲ. ಹುಲ್ಲುಗಾವಲಿನಲ್ಲಿ ಬಿದ್ದಿದ್ದ ಹಳೆಯ ದೋಣಿಯೊಂದನ್ನು ಪರಿಚಯದವನೊಬ್ಬ ಕೊಟ್ಟ. ಸ್ಲೋಕಮ್ 13 ತಿಂಗಳು ಅದರ ಮುಂದೆ ಕೂತು, 553 ಡಾಲರ್ 62 ಸೆಂಟ್‌ನ ಸಾಮಾನು ಹಾಕಿ, ಹೊಸದಾಗಿಯೇ ಕಟ್ಟಿದ. ಹೆಸರು ಸ್ಪ್ರೇ, ಉದ್ದ 37 ಅಡಿಗೆ ತುಸು ಕಡಿಮೆ. 1895ರ ಏಪ್ರಿಲ್ 24ರಂದು ಒಬ್ಬನೇ ಭೂಮಿ ಸುತ್ತಲು ಅಮೆರಿಕದ ಬಾಸ್ಟನ್ ಬಿಟ್ಟ. ಆಗ ವಯಸ್ಸು 51.

ಮೆಡಿಟರೇನಿಯನ್ ಹೊಕ್ಕು, ಸೂಯೆಜ್ ದಾಟಿ, ಪೂರ್ವಕ್ಕೆ ಹೋಗುವುದು ಅವನ ಲೆಕ್ಕ. ದಾರಿಯಲ್ಲಿ, ಅಟ್ಲಾಂಟಿಕ್ ನಡುವಿನ ಅಜೋರ್ಸ್‌ನ ಫಾಯಾಲ್ ದ್ವೀಪದಲ್ಲಿ ನಿಂತ. ಅಲ್ಲಿ ಸಿಕ್ಕ ಪ್ಲಮ್ ಹಣ್ಣನ್ನೂ ಬಿಳಿ ಚೀಸನ್ನೂ ಕಡಲಿಗಿಳಿದ ಮೇಲೆ ಹೊಟ್ಟೆ ಬಿರಿಯ ತಿಂದು, ಹೊರಳಾಡುವಷ್ಟು ನೋವು ತಂದುಕೊಂಡ. ಬಂದರಿನ ಉಡುಗೊರೆಯನ್ನು ಮೊದಲ ದಿನವೇ ಮುಗಿಸಬೇಡಿ ಎಂಬುದು ಬೇರೆ ಮಾತು. ಆಗಸ್ಟ್‌ನಲ್ಲಿ ಜಿಬ್ರಾಲ್ಟರ್ ಸೇರಿದ. ಅಲ್ಲಿನ ಬ್ರಿಟಿಷ್ ನೌಕಾಪಡೆಯ ಅಧಿಕಾರಿಗಳು ಅವನನ್ನು ಕೂರಿಸಿಕೊಂಡು, ಮುಂದೆ ಕಡಲ್ಗಳ್ಳರ ಕಾಟವಿದೆ, ಈ ದಾರಿ ಬೇಡ ಎಂದರು. ಮೂರು ವಾರ ಅಲ್ಲಿದ್ದವನು ಹಾಯಿ ತಿರುಗಿಸಿದ. ಆಗಷ್ಟೇ ದಾಟಿ ಬಂದ ಅಟ್ಲಾಂಟಿಕ್ ಅನ್ನು ಮತ್ತೆ ದಾಟಿ, ದಕ್ಷಿಣ ಅಮೆರಿಕದ ಕೊನೆಗೆ ಹೊರಟ. ಪ್ರಪಂಚ ಸುತ್ತುವ ದಿಕ್ಕೇ ಬದಲಾಯಿತು, ಅದೂ ಬಂದರಿನ ಮಾತುಕತೆಯಿಂದ!

1896ರ ಫೆಬ್ರವರಿ, ಮೆಗೆಲನ್ ಜಲಸಂಧಿಯ ಪುಂಟಾ ಅರೆನಾಸ್. ಸಾಂಬ್ಲಿಚ್ ಎಂಬ ಆಸ್ಟ್ರಿಯಾ ಮೂಲದ ಕ್ಯಾಪ್ಟನ್ ಒಬ್ಬ ಬಿಸ್ಕತ್ತು, ಹೊಗೆಯಲ್ಲಿ ಒಣಗಿಸಿದ ಮಾಂಸದ ಜೊತೆಗೆ ಒಂದು ಚೀಲ ಸಣ್ಣ ಮೊಳೆಯನ್ನೂ ಕೊಟ್ಟ. ಜಮಖಾನೆ ಬಡಿಯುವ ಚೂಪು ಮೊಳೆ. ನನ್ನ ದೋಣಿಗೆ ಇದೇಕೆ ಎಂದ ಸ್ಲೋಕಮ್. ಇಟ್ಟುಕೋ, ಆದರೆ ನೀನೇ ತುಳಿಯಬೇಡ ಎಂದ ಸಾಂಬ್ಲಿಚ್. ಬಿಳಿಯರ ಹಾವಳಿಯಿಂದ ನೆಲ ಕಳೆದುಕೊಳ್ಳುತ್ತಿದ್ದ ಅಲ್ಲಿನ ಮೂಲನಿವಾಸಿಗಳಿಗೆ ಪರದೇಶದ ದೋಣಿಗಳ ಮೇಲೆ ಪ್ರೀತಿಯೇನೂ ಇರಲಿಲ್ಲ. ಒಬ್ಬನೇ ಇರುವ ದೋಣಿ, ರಾತ್ರಿ ಕಾವಲಿಗೆ ಯಾರು? ಸ್ಲೋಕಮ್ ಮಲಗುವ ಮುನ್ನ ಮೊಳೆಗಳನ್ನು ಹಲಗೆಯ ಮೇಲೆಲ್ಲ ಮೇಲ್ಮುಖವಾಗಿ ಹರಡಿದ. ನಡುರಾತ್ರಿ ಬರಿಗಾಲಲ್ಲಿ ಹತ್ತಿದವರು ಕೂಗಿಕೊಂಡು ಒಬ್ಬರ ಮೇಲೊಬ್ಬರು ನೀರಿಗೆ ಹಾರಿದರು. ಅವನು ಆಮೇಲೆ ಮತ್ತೆ ಮಲಗಿದ!

ಸಮೋವಾದ ಆಪಿಯಾದಲ್ಲಿಯೂ ಹೀಗೇ. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್‌ರ ಪತ್ನಿ ಫ್ಯಾನಿ, ತೀರಿಕೊಂಡ ಗಂಡನ ಕಪಾಟಿನಿಂದ ಹಿಂದೂ ಮಹಾಸಾಗರದ ಮಾರ್ಗದರ್ಶಿ ಪುಸ್ತಕ ತೆಗೆದು ಸ್ಲೋಕಮ್ ಕೈಗಿಟ್ಟರು. 1898ರ ಜೂನ್ 27ರಂದು ಅಮೆರಿಕದ ನ್ಯೂಪೋರ್ಟ್ ಮುಟ್ಟಿದಾಗ ಆತ ಒಬ್ಬನೇ ಭೂಮಿ ಸುತ್ತಿದ ಮೊದಲಿಗ. ಮೂರು ವರ್ಷಕ್ಕೂ ಮಿಗಿಲಾಗಿ ಹಿಡಿದದ್ದು ಬಂದರುಗಳಲ್ಲಿ ಕೂತದ್ದರಿಂದ. ಕೂತದ್ದರಿಂದಲೇ ಬದುಕಿದ್ದು ಎನ್ನುತ್ತೇನೆ ನಾನು.

ಗಡಿಯಾರ ನನ್ನನ್ನು ನೋಡುತ್ತಿದೆ. ಇಂಗ್ಲೆಂಡಿನ ಹಣ್ಣು ತರಕಾರಿ ವ್ಯಾಪಾರಿ ಅಲೆಕ್ ರೋಸ್ ಬಗ್ಗೆ ಒಂದೇ ಮಾತು. 59ರ ವಯಸ್ಸಿನಲ್ಲಿ, ಕಲ್ಕತ್ತೆಯಲ್ಲಿ ಕಟ್ಟಿದ ಲೈವ್ಲಿ ಲೇಡಿ ಎಂಬ ದೋಣಿಯಲ್ಲಿ, 1967ರಲ್ಲಿ ಒಬ್ಬರೇ ಭೂಮಿ ಸುತ್ತಲು ಹೊರಟವರು. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಮುಂದಿದೆ ಎನ್ನುವಾಗ ಹಾಯಿಕಂಬದ ತುದಿ ಕೆಟ್ಟಿತು. ಹಟ ಹಿಡಿಯದೆ ನ್ಯೂಜಿಲೆಂಡಿನ ಬ್ಲಫ್ ಬಂದರಿಗೆ ತಿರುಗಿಸಿ ದುರಸ್ತಿ ಮಾಡಿಸಿಕೊಂಡರು. ಕಾದರು, ದಾಟಿದರು.

ಈಗಿನ ಬಂದರಿಗೆ ಬರೋಣ. ಪನಾಮಾ ಕಾಲುವೆಯಲ್ಲಿ ನಿಮ್ಮ ದೋಣಿ ಮೂರು ಮೆಟ್ಟಿಲಲ್ಲಿ, ಅಂದರೆ ನೀರು ತುಂಬಿಸುವ ಗೋಡೆಯ ತೊಟ್ಟಿಗಳಲ್ಲಿ, 26 ಮೀಟರ್ ಮೇಲೇರಬೇಕು. ದೋಣಿಯನ್ನು ತೊಟ್ಟಿಯ ನಡುವೆ ಹಿಡಿದಿಡಲು 125 ಅಡಿಯ ನಾಲ್ಕು ಹಗ್ಗ, ಚುಕ್ಕಾಣಿ ಹಿಡಿದವರನ್ನು ಬಿಟ್ಟು ಹಗ್ಗಕ್ಕೊಬ್ಬರಂತೆ ನಾಲ್ಕು ಜನ ಬೇಕು. ನೀವು ಇಬ್ಬರೇ. ಕಾಯುತ್ತಿರುವ ಪಕ್ಕದ ದೋಣಿಯವರನ್ನು ಕೇಳಿ. ಮೊದಲು ಅವರ ದೋಣಿಯಲ್ಲಿ ನೀವು ಹಗ್ಗ ಹಿಡಿದು ದಾಟಿ, ಬಸ್ಸಿನಲ್ಲಿ ಹಿಂದಿರುಗಿ, ಆಮೇಲೆ ಅವರನ್ನು ಕರೆದುಕೊಳ್ಳಿ. ನೀರು ಏರುವಾಗ ಸಡಿಲವಾದ ಹಗ್ಗವನ್ನು ನಾಲ್ವರೂ ಸಮನಾಗಿ ಎಳೆದುಕೊಳ್ಳದಿದ್ದರೆ ದೋಣಿ ಓರೆಯಾಗಿ ಗೋಡೆಗೆ ಬಡಿಯುತ್ತದೆ. ಒಮ್ಮೆ ಬೇರೆಯವರ ದೋಣಿಯಲ್ಲಿ ನೋಡಿದ್ದರೆ ನಿಮ್ಮದರಲ್ಲಿ ಕೈ ತಾನಾಗಿ ಕೆಲಸ ಮಾಡುತ್ತದೆ.

ನೀರಿನ ಲೆಕ್ಕ. ಕ್ಯಾನರಿಯಿಂದ ಕೆರಿಬಿಯನ್‌ಗೆ ಸುಮಾರು 2,700 ನಾಟಿಕಲ್ ಮೈಲಿ. ಗಂಟೆಗೆ 5 ಎಂದರೆ ದಿನಕ್ಕೆ 120, ಅಂದರೆ 23 ದಿನ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 3 ಲೀಟರ್, ಇಬ್ಬರಿಗೆ 138. ಅರ್ಧದಷ್ಟು ಮೇಲೆ ಸೇರಿಸಿ, 207. ಒಂದೇ ಟ್ಯಾಂಕಿನಲ್ಲಿ ತುಂಬಬೇಡಿ, ಕೆಟ್ಟರೆ ಎಲ್ಲವೂ ಕೆಟ್ಟಂತೆ.

ಡೀಸೆಲ್ ಟ್ಯಾಂಕ್ ಅರ್ಧ ಖಾಲಿ ಬಿಟ್ಟರೆ ಒಳಗೆ ನೀರು ಹನಿಗಟ್ಟಿ ತಳ ಸೇರುತ್ತದೆ, ಅಲ್ಲಿ ಲೋಳೆ ಬೆಳೆಯುತ್ತದೆ. ಅಲೆ ಎದ್ದಾಗ ಲೋಳೆ ಕದಡಿ ಫಿಲ್ಟರ್ ಕಟ್ಟಿ, ಎಂಜಿನ್ ನಿಲ್ಲುವುದು ಸರಿಯಾಗಿ ಅಳಿವೆಯ ಬಾಯಲ್ಲಿ. ಆರು ಫಿಲ್ಟರ್ ಇಟ್ಟುಕೊಳ್ಳಿ. ರಕ್ತದೊತ್ತಡದ, ಸಕ್ಕರೆಯ ಮಾತ್ರೆ ಬೇಕಾದದ್ದಕ್ಕೆ ಎರಡರಷ್ಟು ಇರಲಿ, ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿ. ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿನ ಅಂಗಡಿಯವನಿಗೆ ಗೊತ್ತಾಗದು.

ಗೊತ್ತಿಲ್ಲದ ಬಂದರನ್ನು ರಾತ್ರಿ ಹೊಗಬೇಡಿ. ಇಲ್ಲಿಯೂ ಅದೇ ಮಾತು, ಕಾಯಿರಿ. ದಡದಿಂದ ದೂರದಲ್ಲೇ ಮುಂದಿನ ಹಾಯಿಯನ್ನು ಗಾಳಿ ಬರುವ ಬದಿಗೆ ಎಳೆದು ಕಟ್ಟಿ, ಚುಕ್ಕಾಣಿ ದೋಣಿಯನ್ನು ಗಾಳಿಯತ್ತ ತಿರುಗಿಸುವಂತೆ ಬಿಗಿದರೆ, ಅದು ಹೆಚ್ಚು ಕಡಿಮೆ ನಿಂತಲ್ಲೇ ನಿಲ್ಲುತ್ತದೆ. ನೀವು ಚಹಾ ಕುಡಿಯಬಹುದು. ಬೆಳಗಾದ ಮೇಲೆ, ತಪಾಸಣೆಗೆ ಬನ್ನಿ ಎನ್ನುವ ಹಳದಿ ಬಾವುಟ ಏರಿಸಿ ಒಳಗೆ ಬನ್ನಿ. ತಪಾಸಣೆ ಮುಗಿಯುವವರೆಗೆ ಯಾರೂ ದಡಕ್ಕೆ ಇಳಿಯಬಾರದು. ಹಿಂದಿನ ಬಂದರು ಬಿಟ್ಟ ಪತ್ರ, ದೋಣಿಯ ನೋಂದಣಿ, ಪಾಸ್‌ಪೋರ್ಟ್, ಸಿಬ್ಬಂದಿ ಪಟ್ಟಿಯ ಹತ್ತು ಪ್ರತಿ ಒಂದೇ ಚೀಲದಲ್ಲಿರಲಿ. ನ್ಯೂಜಿಲೆಂಡಿನಲ್ಲಿ ಜೇನು, ಹಸಿ ಹಣ್ಣು, ತರಕಾರಿ ಕಿತ್ತುಕೊಳ್ಳುತ್ತಾರೆ. ದೋಣಿಯ ತಳದ ಪಾಚಿಯನ್ನೂ ಬಿಡುವುದಿಲ್ಲ. ಜೇನನ್ನು ಅದಕ್ಕೆ ಮೊದಲೇ ತಿಂದು ಮುಗಿಸಿ. ನಮಸ್ಕಾರ.