ಕಸ ಗುಡಿಸಲು ತಂದ ಮೀನು

ನಮಸ್ಕಾರ ಕೇಳುಗರೇ.

ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಮೂರು ವರ್ಷದ ಹಿಂದೆ ಅದಕ್ಕೆ ಎರಡು ಪುಟ್ಟ ಮೀಸೆ ಮೀನು ತಂದೆ. ಬೂದು ಮೈ, ಕಪ್ಪು ಚುಕ್ಕೆ. ಹೆಸರು ಪೆಪ್ಪರ್ಡ್ ಕೋರಿ. ‘ಇದಕ್ಕೆ ಬೇರೆ ಆಹಾರ ಬೇಡ, ತಳದ ಕೊಳೆ ತಿಂದು ತೊಟ್ಟಿ ಸ್ವಚ್ಛ ಇಡ್ತದೆ’ ಅಂದರು ಅಂಗಡಿಯವರು. ನಂಬಿದೆ.

ಎರಡು ತಿಂಗಳಲ್ಲಿ ಅವುಗಳ ಹೊಟ್ಟೆ ಒಳಗೆ ಹೋಯಿತು. ಮೀಸೆ ಸವೆದು ಮೊಂಡಾಯಿತು. ಒಂದು ಸತ್ತೇ ಹೋಯಿತು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಕೊಳೆ ಅದರ ಊಟವಲ್ಲ. ಮರಳಿಗೆ ಮೂತಿ ತೂರಿಸಿ, ಮೀಸೆಯಿಂದ ತಡಕಿ, ಹುಳ ಹೆಕ್ಕಿ ತಿನ್ನುವ ಮೀನು ಅದು. ನಾನು ಹಾಸಿದ್ದು ಚೂಪು ಜಲ್ಲಿ, ಅದರ ಸಂದಿಯಲ್ಲಿ ಕೊಳೆ. ಮೈಗೇನೋ ಗಟ್ಟಿ ಕವಚವಿದೆ. ಹುರುಪೆಯ ಬದಲು ಎರಡೂ ಪಕ್ಕ ಎರಡೆರಡು ಸಾಲು ಎಲುಬಿನ ಬಿಲ್ಲೆ, ಮಾಡಿಗೆ ಹಂಚು ಹೊದೆಸಿದ ಹಾಗೆ. ಆದರೆ ಮೀಸೆಗೆ ಯಾವ ಕವಚವೂ ಇಲ್ಲ, ಅಲ್ವಾ?

ಇದರ ಊರು ದಕ್ಷಿಣ ಅಮೆರಿಕದ ಲಾ ಪ್ಲಾಟಾ ನದಿಯ ಕಡೆ. ಬೀಗಲ್ ಹಡಗಿನಲ್ಲಿ ಹೋದ ಡಾರ್ವಿನ್ ಇದನ್ನೂ ಹಿಡಿದು ತಂದಿದ್ದರು. 1842ರಲ್ಲಿ ಇಂಗ್ಲೆಂಡಿನ ಜೀವಶಾಸ್ತ್ರಜ್ಞ ಲಿಯೊನಾರ್ಡ್ ಜೆನಿನ್ಸ್ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟರು.

ಜಲ್ಲಿ ತೆಗೆದೆ. ಕಾರವಾರದ ತಂಗಿ, ‘ಕಡಲ ದಂಡೆಯ ಹೊಯ್ಗೆ ತರಲಾ ಅಣ್ಣಾ?’ ಅಂದಳು. ಬೇಡ ಅಂದೆ. ಅದರಲ್ಲಿ ಚಿಪ್ಪಿನ ಚೂರು ಜಾಸ್ತಿ, ನೀರು ಗಡಸಾಗುತ್ತದೆ. ನಮ್ಮ ಹಳ್ಳದ ನಯ ಮರಳನ್ನೇ ಏಳೆಂಟು ಸಲ ತೊಳೆದು ಹಾಸಿದೆ. ಗುಂಪಿನಲ್ಲಿ ಬಾಳುವ ಮೀನು ಅಂತ ಇನ್ನೂ ಐದು ತಂದೆ. ರಾತ್ರಿ ದೀಪ ಆರಿಸಿದ ಮೇಲೆ ತಳಕ್ಕೆ ಮುಳುಗುವ ಕಾಳು ಹಾಕತೊಡಗಿದೆ. ನಿಧಾನಕ್ಕೆ ಹಳೆಯ ಮೀನಿನ ಮೀಸೆಯೂ ಚಿಗುರಿತು.

ಇನ್ನೊಂದು ವಿಷಯ. ಇವು ಆಗಾಗ ಬಾಣದ ಹಾಗೆ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ನುಂಗಿ ಇಳಿಯುತ್ತವೆ. ಆ ಗಾಳಿಯಿಂದ ಕರುಳೇ ಆಮ್ಲಜನಕ ಹೀರುತ್ತದೆ. ಹೆದರಬೇಡಿ. ನೀರು ಅಂಚಿನವರೆಗೆ ತುಂಬಬೇಡಿ, ಮೇಲೆ ಸ್ವಲ್ಪ ಜಾಗ ಇರಲಿ. ಸುಮ್ನೆ ಸುಮ್ನೆ ಜಾಸ್ತಿ ಸಲ ಬರತೊಡಗಿದರೆ ಮಾತ್ರ ನೀರು ಕೆಟ್ಟಿದೆಯೇ ನೋಡಿ.

ಕಳೆದ ಜೂನ್. ಎರಡು ದಿನದಿಂದ ಬಿಡದ ಮಳೆ. ತೊಟ್ಟಿಯ ಕಾಲುಭಾಗ ನೀರು ತೆಗೆದು ತಣ್ಣನೆ ಬಾವಿನೀರು ಸುರಿದೆ. ಇವು ಮೊಟ್ಟೆಯಿಡುವುದು ಮಳೆಯ ತಂಪು ನೀರು ಬಂದಾಗ. ಮರುದಿನ ಬೆಳಿಗ್ಗೆ ನೋಡುತ್ತೇನೆ, ಹೆಣ್ಣು ಮೀನು ಹೊಟ್ಟೆಯ ರೆಕ್ಕೆಗಳನ್ನೇ ಬೊಗಸೆ ಮಾಡಿಕೊಂಡು ಎರಡು ಮೂರು ಮೊಟ್ಟೆ ಹೊತ್ತು ಬಂದು ಗಾಜಿಗೆ ಅಂಟಿಸುತ್ತಿದೆ! ದೊಡ್ಡವು ತಿಂದುಬಿಡುತ್ತವೆ ಅಂತ ಮೊಟ್ಟೆಗಳನ್ನು ಬೇರೆ ಪಾತ್ರೆಗೆ ದಾಟಿಸಿದೆ. ಐದನೇ ದಿನ ಮರಿ ಹೊರಬಂದವು. ಭೂತಗನ್ನಡಿ ಹಿಡಿದು ನೋಡಿದೆ. ಸಣ್ಣ ಮೀಸೆ ಇತ್ತು.

ನಮಸ್ಕಾರ.