ಬಾಯ್ಕಾಟ್: ಒಬ್ಬನ ಹೆಸರು ಊರೂರಿನ ಮಾತಾದದ್ದು

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ. ಬಾಯ್ಕಾಟ್. 'ಹುಡುಗರು ಕ್ಲಾಸ್ ಬಾಯ್ಕಾಟ್ ಮಾಡಿದ್ದಾರಂತೆ' ಅಂದರೆ ಇಂಗ್ಲಿಷ್ ಓದದವರಿಗೂ ಅರ್ಥವಾಗುತ್ತದೆ. ಆದರೆ ಇದು ಒಬ್ಬ ಮನುಷ್ಯನ ಹೆಸರು ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ.

ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ ಇಂಗ್ಲೆಂಡಿನ ನಾರ್ಫಕ್ ಕಡೆಯವನು. ಸೈನ್ಯ ಬಿಟ್ಟ ಮೇಲೆ ಐರ್ಲೆಂಡಿನಲ್ಲಿ ನೆಲೆ ನಿಂತ. ಮೇಯೋ ಕೌಂಟಿಯಲ್ಲಿ ಮಾಸ್ಕ್ ಅನ್ನೋ ಸರೋವರದ ಪಕ್ಕ ಅರ್ನ್ ಎಂಬ ಜಮೀನ್ದಾರನಿಗೆ ಏಜೆಂಟ್ ಆದ. ಗೇಣಿ ವಸೂಲಿ ಮಾಡೋದು, ಕೊಡದವರನ್ನು ಒಕ್ಕಲೆಬ್ಬಿಸೋದು ಅವನ ಕೆಲಸ. 1879ರಲ್ಲಿ ಅಲ್ಲಿ ಬೆಳೆ ಕೈಕೊಟ್ಟಿತ್ತು. ಮರುವರ್ಷ ಗೇಣಿದಾರರು ನೂರಕ್ಕೆ 25ರಷ್ಟು ಗೇಣಿ ಇಳಿಸಿ ಅಂತ ಕೇಳಿದರು. ಜಮೀನ್ದಾರ 10ಕ್ಕಿಂತ ಜಾಸ್ತಿ ಬಿಡಲು ಒಪ್ಪಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 19ರಂದು ಎನಿಸ್ ಪಟ್ಟಣದಲ್ಲಿ ಐರಿಶ್ ನಾಯಕ ಪಾರ್ನೆಲ್ ಭಾಷಣ ಮಾಡಿದ. ಬೇರೆಯವರನ್ನು ಒಕ್ಕಲೆಬ್ಬಿಸಿದ ಹೊಲವನ್ನು ಹಿಡಿದುಕೊಳ್ಳುವವನಿಗೆ ಏನು ಮಾಡಬೇಕು ಅಂತ ಜನರನ್ನೇ ಕೇಳಿದ. 'ಗುಂಡು ಹೊಡೀರಿ' ಅಂತ ಗುಂಪು ಕೂಗಿತು. ಬೇಡ, ಅದಕ್ಕಿಂತ ಒಳ್ಳೆಯ ದಾರಿ ಇದೆ ಅಂದ ಪಾರ್ನೆಲ್. ದಾರಿಯಲ್ಲಿ ಸಿಕ್ಕರೆ ಮಾತಾಡಿಸಬೇಡಿ. ಅಂಗಡಿಯಲ್ಲಿ, ಸಂತೆಯಲ್ಲಿ, ಚರ್ಚಿನಲ್ಲಿ ಕೂಡ ದೂರ ಇಡಿ. ಹಿಂದಿನ ಕಾಲದಲ್ಲಿ ಕುಷ್ಠ ಬಂದವರನ್ನು ಇಡುತ್ತಿದ್ದ ಹಾಗೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರೇ ದಿನಕ್ಕೆ ಬಾಯ್ಕಾಟನ ಕಡೆಯವರು ಒಕ್ಕಲೆಬ್ಬಿಸುವ ನೋಟಿಸ್ ಹಿಡಿದು ಮನೆ ಮನೆಗೆ ಬಂದರು. ಹೆಂಗಸರು ಕೆಸರು, ಗೊಬ್ಬರ ತೂರಿ ಓಡಿಸಿದರು. ಆಮೇಲೆ ಅವನ ಮನೆ ಆಳುಗಳು, ಹೊಲದ ಕೂಲಿಗಳು ಕೆಲಸ ಬಿಟ್ಟು ಹೊರಟರು. ಕಮ್ಮಾರ ಕೆಲಸ ನಿಲ್ಲಿಸಿದ. ಬಟ್ಟೆ ಒಗೆಯುವವಳು ಬರೋದನ್ನು ಬಿಟ್ಟಳು. ಪಕ್ಕದ ಬ್ಯಾಲಿನ್‌ರೋಬ್ ಊರಿನ ಅಂಗಡಿಯವರು ಸಾಮಾನು ಕೊಡಲಿಲ್ಲ. ಬಾಯ್ಕಾಟ್ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಕಾಗದ ಬರೆದು ಗೋಳು ತೋಡಿಕೊಂಡ. ಹೊಲದಲ್ಲಿ ಟರ್ನಿಪ್ ಗಡ್ಡೆ, ಆಲೂಗಡ್ಡೆ ಕೀಳುವವರಿಲ್ಲದೆ ನಿಂತಿದ್ದವು. ಕೊನೆಗೆ ಉತ್ತರದ ಕವಾನ್, ಮೊನಹಾನ್ ಕಡೆಯಿಂದ 50 ಜನ ಬಂದು ಕೊಯ್ಲು ಮಾಡಿದರು. ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು, ಪೊಲೀಸರು! ಕೆಲವು ನೂರು ಪೌಂಡಿನ ಬೆಳೆಗೆ ಸುಮಾರು 10,000 ಪೌಂಡ್ ಖರ್ಚಾಯಿತು. ಒಂದೊಂದು ಟರ್ನಿಪ್ಪಿಗೆ ಒಂದು ಶಿಲಿಂಗ್ ಬಿತ್ತು ಅಂತ ಪಾರ್ನೆಲ್ ಲೆಕ್ಕ ಹೇಳಿದ. ಡಿಸೆಂಬರ್ ಹೊತ್ತಿಗೆ ಬಾಯ್ಕಾಟ್ ಐರ್ಲೆಂಡ್ ಬಿಟ್ಟು ಹೋದ.

ಪದ ಹುಟ್ಟಿದ ಬಗೆ ನನಗೆ ತುಂಬಾ ಇಷ್ಟ. ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಅಲ್ಲಿಗೆ ಹೋಗಿದ್ದ. ಈ ಹೋರಾಟಕ್ಕೆ ಏನು ಹೆಸರಿಡೋದು ಅಂತ ಅವನು ಊರಿನ ಪಾದ್ರಿ ಜಾನ್ ಒಮ್ಯಾಲಿಯನ್ನು ಕೇಳಿದ. ಒಬ್ಬನನ್ನು ಎಲ್ಲರೂ ದೂರ ಇಡೋದಕ್ಕೆ ಗ್ರೀಕ್ ಮೂಲದ 'ಆಸ್ಟ್ರಸಿಸಂ' ಅನ್ನೋ ಪದ ಇತ್ತು. ಅದು ನಮ್ಮ ರೈತರಿಗೆ ಅರ್ಥ ಆಗೋದಿಲ್ಲ ಅಂದರು ಪಾದ್ರಿ. ಸ್ವಲ್ಪ ಯೋಚಿಸಿ, 'ಬಾಯ್ಕಾಟ್ ಮಾಡೋದು ಅಂದರೆ ಹೇಗೆ?' ಅಂತ ಕೇಳಿದರು. ಇದು ರೆಡ್‌ಪಾತ್ ಬರೆದಿಟ್ಟ ಕಥೆ. ನವೆಂಬರ್ ಮುಗಿಯುವ ಮುಂಚೆಯೇ ಟೈಮ್ಸ್ ಪತ್ರಿಕೆಯಲ್ಲಿ ಆ ಪದ ಅಚ್ಚಾಯಿತು. ಪಂಡಿತರ ಪದ ಬೇಡ, ಹೊಲದಲ್ಲಿ ದುಡಿಯುವವನ ಬಾಯಿಗೆ ಹತ್ತುವ ಪದ ಬೇಕು ಅಂತ ಹುಡುಕಿದ್ದಕ್ಕೇ ಅದು ಅಷ್ಟು ದೂರ ಹೋಯಿತು ಅಂತ ನನ್ನ ನಂಬಿಕೆ. ಜರ್ಮನ್, ರಷ್ಯನ್, ಟರ್ಕಿಶ್, ಸ್ಪ್ಯಾನಿಶ್ ಎಲ್ಲವೂ ಅದನ್ನೇ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡವು. ಜಪಾನಿನವರು 'ಬೊಯ್ಕೊಟ್ಟೊ' ಅಂದರು. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲ್ ಸಭೆಯಲ್ಲಿ ಬಂಗಾಳ ವಿಭಜನೆ ವಿರುದ್ಧ ವಿದೇಶಿ ಮಾಲಿನ ಬಾಯ್ಕಾಟ್ ಘೋಷಣೆಯಾಯಿತು.

ಕನ್ನಡದಲ್ಲಿ ನಾವು ಇದಕ್ಕೆ 'ಬಹಿಷ್ಕಾರ' ಅನ್ನುತ್ತೇವೆ. ಮತದಾನ ಬಹಿಷ್ಕಾರ, ಕೋರ್ಟ್ ಕಲಾಪ ಬಹಿಷ್ಕಾರ. ಆದರೆ ಬಹಿಷ್ಕಾರಕ್ಕೆ ಬೇರೆಯೇ ಒಂದು ಹಳೆಯ ಬಾಳಿದೆ, ಅಲ್ವಾ? 'ಆ ಮನೆಯವರಿಗೆ ಬಹಿಷ್ಕಾರ ಹಾಕಿದ್ದಾರೆ' ಅಂದರೆ ಮೈ ಜುಂ ಅನ್ನುತ್ತದೆ. ಅಂಗಡಿಯಲ್ಲಿ ಉಪ್ಪು ಕೊಡೋದಿಲ್ಲ, ಕೂಲಿಗೆ ಕರೆಯೋದಿಲ್ಲ, ಬಾವಿಗೆ ಬಿಡೋದಿಲ್ಲ. ರಸ್ತೆ ಬೇಕು ಅಂತ ಊರಿನವರು ಮತದಾನ ಬಹಿಷ್ಕರಿಸಿದರೆ ಅದು ಇಲ್ಲದವರ ಸಿಟ್ಟು. ಊರಿನ ಬಲಾಢ್ಯರು ಒಂದು ಕೇರಿಗೆ ಬಹಿಷ್ಕಾರ ಹಾಕಿದರೆ ಅದು ಇದ್ದವರ ದರ್ಪ. ಪದ ಒಂದೇ. ಅಂಬೇಡ್ಕರ್ ಅವರು 1927ರಲ್ಲಿ ಶುರು ಮಾಡಿದ ಪತ್ರಿಕೆಗೆ 'ಬಹಿಷ್ಕೃತ ಭಾರತ' ಅಂತ ಹೆಸರಿಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ಈ ಎರಡನೆಯ ಅರ್ಥ.

ಪಾರ್ನೆಲ್ ಹೇಳಿದ ಕುಷ್ಠದ ಮಾತು ನೆನಪಿದೆಯಲ್ಲ? ಜಮೀನ್ದಾರನ ವಿರುದ್ಧ ಎತ್ತಿದ ಆ ಆಯುಧವನ್ನು ಅವನು ತಂದದ್ದೇ ರೋಗಿಯನ್ನು ಊರಾಚೆ ಇಡುತ್ತಿದ್ದ ಕ್ರೂರ ಪದ್ಧತಿಯಿಂದ. ಅಮೆರಿಕದ ಮಾಂಟ್ಗಮರಿಯಲ್ಲಿ ಕಪ್ಪು ಜನ 1955ರ ಡಿಸೆಂಬರಿನಿಂದ 381 ದಿನ ಸಿಟಿ ಬಸ್ ಹತ್ತಲಿಲ್ಲ. ಅದರ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಅವರಿಗೂ ಈ ಪದ ಕಸಿವಿಸಿ ಮಾಡಿತ್ತು. ಕಪ್ಪು ಜನರ ಹೊಟ್ಟೆಗೆ ಹೊಡೆಯಲು ಬಿಳಿಯರ ಸಂಘಟನೆಗಳು ಬಳಸುತ್ತಿದ್ದದ್ದೂ ಇದೇ ದಾರಿ. ತಾವು ಮಾಡುತ್ತಿರುವುದು ಕೆಟ್ಟ ವ್ಯವಸ್ಥೆಗೆ ಅಸಹಕಾರ ಅಂತ ಅವರು ಆಮೇಲೆ ಸಮಾಧಾನ ಕಂಡುಕೊಂಡರು.

ನಮ್ಮ ಕಾನೂನು ಇದನ್ನು ನೇರವಾಗಿಯೇ ಹಿಡಿದಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯಿತು. ಈ ಸಮುದಾಯಗಳ ಒಬ್ಬ ವ್ಯಕ್ತಿಗಾಗಲಿ, ಕುಟುಂಬಕ್ಕಾಗಲಿ, ಗುಂಪಿಗಾಗಲಿ ಹೊರಗಿನವರು ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕಿದರೆ, ಹಾಕುತ್ತೇವೆ ಅಂತ ಬೆದರಿಸಿದರೂ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಕೆಲಸ ಕೊಡದಿರುವುದು, ವ್ಯಾಪಾರ ನಿಲ್ಲಿಸುವುದು ಎಲ್ಲ ಅದರ ವಿವರಣೆಯಲ್ಲಿದೆ. ಮೇಯೋದ ರೈತರು ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ. ಆದರೆ ಈ ಕಾಯ್ದೆ ಯಾರು ಯಾರಿಗೆ ಮಾಡಿದರು ಅಂತ ಮೊದಲು ನೋಡುತ್ತದೆ. ಅದು ಸರಿ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ನನ್ನ ಮಾತು ಇಷ್ಟು. ನಿಮ್ಮ ನಿಮ್ಮ ಊರಿನಲ್ಲಿ ಈ ಎರಡು ಬಗೆಯ ಬಹಿಷ್ಕಾರಕ್ಕೆ ಬೇರೆ ಬೇರೆ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ಹೇಳಿ, ಕೇಳೋಣ.