ಮೆಟ್ಟಿಲು ಹತ್ತಿ ಹೋಗಿ

ಕೇಳುಗರಿಗೆ ನಮಸ್ಕಾರ.

ಮಗನ ಮನೆ, ಮಗಳ ಮನೆ ಅಂತ ಅಮೆರಿಕಾದ ವಾಷಿಂಗ್ಟನ್, ವರ್ಜೀನಿಯಾ ಕಡೆ ಹೋಗಿಬರುವವರು ನಿಮ್ಮಲ್ಲಿ ತುಂಬಾ ಜನ ಇದ್ದೀರಿ. ರಜೆ ಸಿಕ್ಕಿದ ದಿನ ಮಕ್ಕಳು ನಿಮ್ಮನ್ನು ಹಾರ್ಪರ್ಸ್ ಫೆರಿಗೆ ಕರೆದುಕೊಂಡು ಹೋಗಬಹುದು. ವಾಷಿಂಗ್ಟನ್ನಿಂದ ಸುಮಾರು 100 ಕಿಲೋಮೀಟರ್. ಅಪಲೇಚಿಯನ್ ಬೆಟ್ಟಗಳ ನಡುವೆ, ಪೊಟೋಮ್ಯಾಕ್ ಮತ್ತು ಶೆನಂಡೋವಾ ನದಿಗಳು ಕೂಡುವ ಪುಟ್ಟ ಊರು. ಹೋದವರು ಸಂಗಮದಲ್ಲಿ ಫೋಟೋ ತೆಗೆಸಿಕೊಂಡು, ಗುಲಾಮಗಿರಿಯ ವಿರುದ್ಧ ಬಂಡೆದ್ದ ಜಾನ್ ಬ್ರೌನ್ ಅಡಗಿದ್ದ ಕಟ್ಟಡ ನೋಡಿ, ಕಾರು ಹತ್ತಿಬಿಡುತ್ತಾರೆ. ನನಗೆ ಸಂಕಟವಾಗುವುದು ಅಲ್ಲೇ. ದಯವಿಟ್ಟು ಮೆಟ್ಟಿಲು ಹತ್ತಿ!

ಹೈ ಸ್ಟ್ರೀಟ್ ಪಕ್ಕದಲ್ಲಿ ಬೆಟ್ಟದ ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲುಗಳಿವೆ. ಹತ್ತಿದರೆ ಸೇಂಟ್ ಪೀಟರ್ಸ್ ಚರ್ಚ್. 1833ರಲ್ಲಿ ಕಟ್ಟಿದ್ದು. ಕಾಲುವೆ ತೋಡಲು, ರೈಲು ಹಳಿ ಹಾಕಲು ಬಂದ ಐರಿಷ್ ಕೆಲಸಗಾರರು ಪ್ರಾರ್ಥನೆ ಮಾಡಿದ ಜಾಗ. 1896ರಲ್ಲಿ ಅದಕ್ಕೆ ಈಗಿನ ರೂಪ ಬಂತು.

ಇಲ್ಲಿದ್ದ ಒಬ್ಬ ಪಾದ್ರಿಯ ಕಥೆ ಹೇಳಲೇಬೇಕು. ಫಾದರ್ ಮೈಕಲ್ ಕಾಸ್ಟೆಲೊ, ಐರ್ಲೆಂಡಿನವರು. 1859ರ ಅಕ್ಟೋಬರಿನಲ್ಲಿ ಜಾನ್ ಬ್ರೌನ್ ಗುಲಾಮರನ್ನು ಬಿಡಿಸಬೇಕೆಂದು ಇಲ್ಲಿಯ ಸರ್ಕಾರಿ ಬಂದೂಕು ಕಾರ್ಖಾನೆಗೆ ನುಗ್ಗಿದ. ಕೊನೆಗೆ ಬೆಂಕಿ ಆರಿಸುವ ಬಂಡಿ ಇಡುವ ಕಟ್ಟಡದೊಳಗೆ ಸಿಕ್ಕಿಬಿದ್ದ. ಮೆರೀನ್ ಸೈನಿಕರು ಸುತ್ತಿಗೆಯಿಂದ ಹೊಡೆದರೂ ಬಾಗಿಲು ಮುರಿಯಲಿಲ್ಲ. ಭಾರದ ಏಣಿ ತಂದು ಗುದ್ದಿ ಮುರಿದರು. ಒಳಗೆ ನುಗ್ಗುವಾಗ ಲ್ಯೂಕ್ ಕ್ವಿನ್ ಎಂಬ ಐರಿಷ್ ಸೈನಿಕನಿಗೆ ಗುಂಡು ತಗುಲಿತು. ಸಾಯುವ ಹೊತ್ತಿಗೆ ಅವನ ಬಳಿ ಇದ್ದು ಸಾಯುವವರಿಗಾಗಿ ಪಾದ್ರಿಗಳು ಮಾಡುವ ಕೊನೆಯ ಪ್ರಾರ್ಥನೆ ಮಾಡಿದವರು ಕಾಸ್ಟೆಲೊ. ಊರಿನ ಮೇಲ್ಭಾಗದ ಕ್ಯಾಥೊಲಿಕ್ ಸ್ಮಶಾನದಲ್ಲಿ ಕ್ವಿನ್ ಸಮಾಧಿ ಇದೆ. ಜಾನ್ ಬ್ರೌನ್ ಹೆಸರು ಎಲ್ಲರಿಗೂ ಗೊತ್ತು. ಈ ಹುಡುಗನನ್ನು ಯಾರು ಕೇಳುತ್ತಾರೆ?

ಆಮೇಲೆ ಅಮೆರಿಕಾದ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಬಂತು. 1861ರಿಂದ 1865ರೊಳಗೆ ಊರು 8 ಸಲ ಕೈ ಬದಲಾಯಿಸಿತು. ಕಾಸ್ಟೆಲೊ ಕದಲಲಿಲ್ಲ. ಚರ್ಚಿನ ಮೇಲೆ ಬ್ರಿಟಿಷ್ ಬಾವುಟ ಹಾರಿಸಿದರು ಅಂತ ಊರಿನವರು ಇವತ್ತಿಗೂ ಹೇಳುತ್ತಾರೆ. ಯೋಚನೆ ಮಾಡಿ. ಬ್ರಿಟಿಷರ ಆಳ್ವಿಕೆಯಲ್ಲಿ ನರಳಿದ ಐರ್ಲೆಂಡಿನ ಪಾದ್ರಿ, ಅದೇ ಬ್ರಿಟಿಷರ ಬಾವುಟ ಏರಿಸಿದರು! ಯಾಕೆ? ಉತ್ತರದವರಿಗೂ ದಕ್ಷಿಣದವರಿಗೂ ಬ್ರಿಟನ್ ಜೊತೆ ಜಗಳ ಬೇಕಿರಲಿಲ್ಲ. ಎರಡೂ ಕಡೆಯವರು ಗುಂಡು ಹಾರಿಸುವ ಮುಂಚೆ ಯೋಚಿಸಲಿ ಅಂತ. ಚರ್ಚು ಉಳಿಯಿತು.

ಉಳಿಯದಿದ್ದರೆ ಏನಾಗುತ್ತಿತ್ತು ಅಂತ ನೋಡಬೇಕಾ? ಇನ್ನಷ್ಟು ಮೇಲೆ ಹತ್ತಿ. 1852ರಲ್ಲಿ ಕಟ್ಟಿದ ಸೇಂಟ್ ಜಾನ್ಸ್ ಚರ್ಚು ಯುದ್ಧದಲ್ಲಿ ಆಸ್ಪತ್ರೆಯಾಯಿತು, ಸೈನಿಕರ ಬಿಡಾರವೂ ಆಯಿತು, ಹಾಳಾಯಿತು. ರಿಪೇರಿ ಮಾಡಿದರೂ ಆಮೇಲೆ ಬಿಟ್ಟುಹೋದರು. ಈಗ ಬರೀ ಕಲ್ಲುಗೋಡೆ.

ಸಮಯ ಮುಗಿಯುತ್ತಾ ಬಂತು, ಹಾರ್ಪರ್ ಸ್ಮಶಾನದ ಬಗ್ಗೆ ಎರಡೇ ಮಾತು. ಈ ನದಿಯಲ್ಲಿ ದೋಣಿ ನಡೆಸಿ ಊರಿಗೆ ಹೆಸರು ಕೊಟ್ಟ ರಾಬರ್ಟ್ ಹಾರ್ಪರ್ 1782ರಲ್ಲಿ ತೀರಿಕೊಂಡರು. ಬೆಟ್ಟದ ನೆತ್ತಿಯ ಜಾಗವನ್ನು ಸ್ಮಶಾನಕ್ಕೆಂದು ಬಿಟ್ಟವರು ಅವರೇ. ದಾರಿಯಲ್ಲಿ ಅಮೆರಿಕಾದ ಅಧ್ಯಕ್ಷರಾಗಿದ್ದ ಜೆಫರ್ಸನ್ ಹೆಸರಿನ ಬಂಡೆ ಸಿಗುತ್ತದೆ, ಅದರ ಮೇಲೆ ಹತ್ತಬೇಡಿ, ನಿಷೇಧ ಇದೆ. ಕಲ್ಲುಗಳ ಮೇಲಿನ ಹೆಸರುಗಳನ್ನು ಮೊಮ್ಮಕ್ಕಳ ಕೈಲಿ ಓದಿಸಿ. ಮಂಡಿ ನೋವಿರುವವರು ನಿಧಾನವಾಗಿ, ಕೂತು ಕೂತು ಹತ್ತಿ. ಆದರೆ ಹತ್ತಿ. ನಮಸ್ಕಾರ.